ವರ್ಗಾವಣೆಯ ಪೆನ್ನು: ಮೇಯರ್ ಆದ ಪೊಲೀಸ್ ಅಧಿಕಾರಿ ಟಾಮ್ ಬ್ರಾಡ್ಲಿ ಪ್ರಕರಣ

1991ರ ಏಪ್ರಿಲ್ 2ರಂದು ಲಾಸ್ ಏಂಜಲೀಸ್ ಮೇಯರ್ ಟಾಮ್ ಬ್ರಾಡ್ಲಿ ತಮ್ಮ ನಗರದ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಕೇಳಿದರು. ಗೇಟ್ಸ್ ಒಪ್ಪಲಿಲ್ಲ. ಮುಂದೇನು ಮಾಡಬೇಕೆಂಬುದಕ್ಕೆ ಮೇಯರ್ ಬಳಿ ಸರಿಯಾದ ಉತ್ತರವಿರಲಿಲ್ಲ. ಬ್ರಾಡ್ಲಿ ಆಗ ಐದನೆಯ ಬಾರಿ ಗೆದ್ದಿದ್ದ ಮೇಯರ್, ಆ ಕುರ್ಚಿಯಲ್ಲಿ ಕುಳಿತು 18 ವರ್ಷವಾಗುತ್ತ ಬಂದಿತ್ತು. ಅದಕ್ಕೂ ಮೊದಲು ಅದೇ ಪೊಲೀಸ್ ಇಲಾಖೆಯಲ್ಲಿ 21 ವರ್ಷ ಸಮವಸ್ತ್ರ ತೊಟ್ಟು ದುಡಿದಿದ್ದರು. ಗೇಟ್ಸ್ ಇಲಾಖೆಗೆ ಸೇರಿದ್ದು 1949ರಲ್ಲಿ. ಸೇವೆಯ ಲೆಕ್ಕದಲ್ಲಿ ಬ್ರಾಡ್ಲಿಗಿಂತ ಒಂಬತ್ತು ವರ್ಷ ಕಿರಿಯರು.

ಈ ಕೊನೆಯ ಮಾತು ಕೇಳಿದಾಗ ನಮ್ಮ ಬೀದಿಯ ಇನ್ಸ್‌ಪೆಕ್ಟರ್ ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. "ಒಂಬತ್ತು ವರ್ಷ ಜೂನಿಯರ್ ಆದವನು ಆಗುವುದಿಲ್ಲ ಎಂದನೇ?" ಎಂದು ಎರಡು ಸಲ ಕೇಳಿದರು.

ಸಾಹೇಬರು ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇರುತ್ತಾರೆ. ಕಾನ್‌ಸ್ಟೆಬಲ್ ಆಗಿ ಸೇರಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಗರದ ಹೊಸ ಐದು ಪಾಲಿಕೆಗಳ ವಾರ್ಡ್ ಪಟ್ಟಿ ಹೊರಬಿದ್ದ ದಿನಗಳಲ್ಲಿ ಬಡಾವಣೆಯ ಕೆಲವರು ಅವರನ್ನು ಚುನಾವಣೆಗೆ ನಿಲ್ಲುವಂತೆ ಒತ್ತಾಯಿಸಿದರು. ನಾನು ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು. ಆದ್ದರಿಂದ ಒಂದು ಬೆಳಿಗ್ಗೆ ಅವರು ನೇರವಾಗಿ ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಪೊಲೀಸಿನವನೊಬ್ಬ ಪಾಲಿಕೆಗೆ ಹೋಗಿ, ಮೇಯರ್ ಆಗಿ, ಏನಾದರೂ ಮಾಡಿದ ಉದಾಹರಣೆ ಎಲ್ಲಾದರೂ ಇದೆಯೇ? ಇದ್ದರೆ ಬರೆದುಕೊಡಿ. ಓದಿ ತೀರ್ಮಾನ ಮಾಡುತ್ತೇನೆ" ಎಂದರು.

ಉದಾಹರಣೆಗಳಿಗೆ ಕೊರತೆಯಿಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ ಈ ದಾರಿ ಸವೆದ ದಾರಿ. ನ್ಯೂಯಾರ್ಕಿನಲ್ಲಿ ವಿಲಿಯಂ ಓಡ್ವಯರ್, ಈಚೆಗೆ ಎರಿಕ್ ಆಡಮ್ಸ್, ಫಿಲಡೆಲ್ಫಿಯಾದಲ್ಲಿ ಫ್ರ್ಯಾಂಕ್ ರಿಝೋ ಇದೇ ದಾರಿಯಲ್ಲಿ ಬಂದವರು. ನಾನು ಬ್ರಾಡ್ಲಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಅದೇ ಬೆಳಿಗ್ಗೆ ಸಾಹೇಬರು ಹೇಳಿದ ಒಂದು ನೆನಪು. ಅವರು ಇನ್ನೂ ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗ ಕರಗದ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ಬಂದೋಬಸ್ತಿನಲ್ಲಿದ್ದರಂತೆ. ಮೇಯರ್ ಬಂದರು. ಠಾಣೆಯ ಅಧಿಕಾರಿ ಸೆಲ್ಯೂಟ್ ಹೊಡೆದರು, ದಾರಿ ಬಿಡಿಸಿದರು, ಮರ್ಯಾದೆಗೆ ಯಾವ ಕೊರತೆಯೂ ಆಗಲಿಲ್ಲ. "ಆದರೆ ನಮ್ಮ ಅಧಿಕಾರಿಯ ಕಣ್ಣು ಮೇಯರ್ ಮೇಲಿರಲಿಲ್ಲ ಮೇಷ್ಟ್ರೇ. ಮಂತ್ರಿಗಳ ಕಾರು ಬರುವ ಗಲ್ಲಿಯ ಕಡೆ ಇತ್ತು. ವರ್ಗಾವಣೆಯ ಪೆನ್ನು ಎಲ್ಲಿದೆಯೋ ಪೊಲೀಸಿನವನ ಕಣ್ಣು ಅಲ್ಲಿರುತ್ತದೆ."

ಬ್ರಾಡ್ಲಿಯ ಇಡೀ ವೃತ್ತಿಜೀವನವನ್ನು ಈ ಪೆನ್ನಿನ ಕಡೆಯಿಂದ ಓದಬಹುದು, ಓದಬೇಕು ಎಂಬುದು ನನ್ನ ನಂಬಿಕೆ. ಅವರ ಬಗ್ಗೆ ಬರೆದವರು ಸಾಮಾನ್ಯವಾಗಿ ಮೊದಲ ಕಪ್ಪುವರ್ಣೀಯ ಮೇಯರ್ ಎಂಬಲ್ಲಿಂದ ಹೊರಟು ಒಲಿಂಪಿಕ್ಸ್‌ಗೆ ಬಂದು ನಿಲ್ಲುತ್ತಾರೆ. ಎರಡೂ ನಿಜ, ಎರಡೂ ದೊಡ್ಡವು. ಆದರೆ ಊರು ಹೊತ್ತಿ ಉರಿದ 1992ರ ಆ ಐದಾರು ದಿನಗಳು ಅವೆರಡರಿಂದಲೂ ಅರ್ಥವಾಗುವುದಿಲ್ಲ.

ನ್ಯೂಟನ್ ಸ್ಟ್ರೀಟ್ ಠಾಣೆ

ಬ್ರಾಡ್ಲಿ ಹುಟ್ಟಿದ್ದು 1917ರ ಡಿಸೆಂಬರ್ 29ರಂದು, ಟೆಕ್ಸಾಸ್ ರಾಜ್ಯದ ಕ್ಯಾಲ್ವರ್ಟ್ ಎಂಬ ಊರಿನ ಬಳಿ. ಅಜ್ಜನ ಕಾಲಕ್ಕೆ ಗುಲಾಮಗಿರಿ, ಅಪ್ಪನ ಕಾಲಕ್ಕೆ ಬೇರೆಯವರ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಮೆ. 1924ರಲ್ಲಿ ಸಂಸಾರ ಲಾಸ್ ಏಂಜಲೀಸ್‌ಗೆ ಬಂತು. ಹುಡುಗ ಓಟದಲ್ಲಿ ಮುಂದಿದ್ದ. ಆ ಓಟವೇ 1937ರಲ್ಲಿ ಅವನನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಗೆ ವಿದ್ಯಾರ್ಥಿವೇತನದ ಮೇಲೆ ಸೇರಿಸಿತು. 1940ರಲ್ಲಿ ಓದು ಅರ್ಧಕ್ಕೆ ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರಿದರು. ಸರ್ಕಾರಿ ಸಂಬಳ, ನಿಶ್ಚಿತ ಪಿಂಚಣಿ. ನಮ್ಮ ಊರಿನಲ್ಲಿ ಎಷ್ಟು ಮನೆಗಳ ಹಿರಿಯ ಮಗ ಇದೇ ಲೆಕ್ಕದಲ್ಲಿ ಠಾಣೆ ಸೇರಿಲ್ಲ?

ಇಲಾಖೆಯೊಳಗೆ ಕಪ್ಪುವರ್ಣೀಯ ಪೇದೆಗಿದ್ದ ಜಾಗ ಎರಡೇ. ಕಪ್ಪುವರ್ಣೀಯರೇ ಹೆಚ್ಚಾಗಿ ವಾಸಿಸುತ್ತಿದ್ದ ಪ್ರದೇಶದ ನ್ಯೂಟನ್ ಸ್ಟ್ರೀಟ್ ಠಾಣೆ ಒಂದು, ಪೇಟೆಯ ನಡುವಿನ ಸಂಚಾರ ನಿಯಂತ್ರಣ ಇನ್ನೊಂದು. ಬಿಳಿಯ ಸಹೋದ್ಯೋಗಿಯ ಜೊತೆ ಒಂದೇ ಗಸ್ತು ಕಾರಿನಲ್ಲಿ ಕೂರುವಂತಿರಲಿಲ್ಲ. ಈ ಪದ್ಧತಿ 1960ರ ದಶಕದವರೆಗೂ ಎಳೆದುಕೊಂಡು ಬಂತು ಎಂದು ಬ್ರಾಡ್ಲಿ ಮುಂದೆ ಹಲವು ಸಲ ನೆನೆದಿದ್ದಾರೆ. ಅವರು ಲೆಫ್ಟಿನೆಂಟ್ ದರ್ಜೆಗೆ ಏರಿದರು. ಆ ಇಲಾಖೆಯಲ್ಲಿ ಕಪ್ಪುವರ್ಣೀಯನೊಬ್ಬ ಅಲ್ಲಿಯವರೆಗೆ ಏರಿದ್ದ ಅತಿ ಎತ್ತರದ ಮೆಟ್ಟಿಲು ಅದು. ಅದರಾಚೆಗೆ ಬಾಗಿಲು ಮುಚ್ಚಿದೆ ಎಂಬುದು ಅವರಿಗೆ ಅರ್ಥವಾಗಿತ್ತು. ಹಗಲು ಡ್ಯೂಟಿ ಮುಗಿಸಿ ರಾತ್ರಿ ಕಾನೂನು ಕಾಲೇಜಿಗೆ ಹೋದರು, 1956ರಲ್ಲಿ ಪದವಿ ಪಡೆದರು, 1961ರಲ್ಲಿ ನಿವೃತ್ತಿ ತೆಗೆದುಕೊಂಡು ವಕೀಲಿಕೆಗೆ ಕುಳಿತರು.

ಒಂದು ಸಣ್ಣ ಸಂಗತಿ ಇಲ್ಲೇ ಹೇಳಬೇಕು. 1950ರಲ್ಲಿ ಬ್ರಾಡ್ಲಿ ದಂಪತಿಗಳು ಲೈಮರ್ಟ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರು. ನೇರವಾಗಿ ಕೇಳಿದರೆ ಕೊಡುವವರಿಲ್ಲ, ಆದ್ದರಿಂದ ಬಿಳಿಯ ಸ್ನೇಹಿತರ ಹೆಸರಿನಲ್ಲಿ ಕೊಂಡು ತಮ್ಮದಾಗಿಸಿಕೊಳ್ಳಬೇಕಾಯಿತು. ಊರಿನ ಕಾನೂನು ಕಾಯುವ ಅಧಿಕಾರಿಗೆ ಊರಿನಲ್ಲೇ ತನ್ನ ಹೆಸರಿನಲ್ಲಿ ಮನೆ ಸಿಗುವುದಿಲ್ಲ. ಇದನ್ನು ಓದಿದಾಗ ಸಾಹೇಬರು ಏನೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಜಾತಿ ಕೇಳಿಸಿಕೊಂಡ ಪೊಲೀಸಿನವರನ್ನು ನಾವಿಬ್ಬರೂ ಬಲ್ಲೆವು.

ಪೊಲೀಸಿನವನೇ ಪೊಲೀಸ್ ವಿರೋಧಿ

1961ರಲ್ಲಿ ನಗರ ಪರಿಷತ್ತಿನ ಹತ್ತನೆಯ ಕ್ಷೇತ್ರ ತೆರವಾಯಿತು. ಬ್ರಾಡ್ಲಿಯನ್ನು ನೇಮಿಸಬೇಕೆಂದು ನಿವಾಸಿಗಳು ಸಹಿ ಹಾಕಿದ ಮನವಿ ಕೊಟ್ಟರೂ ಪರಿಷತ್ತು ಬೇರೊಬ್ಬರನ್ನು ಆರಿಸಿತು. ಎರಡು ವರ್ಷದ ನಂತರ ಅದೇ ವ್ಯಕ್ತಿಯನ್ನು ಚುನಾವಣೆಯಲ್ಲಿ ಸೋಲಿಸಿ ಬ್ರಾಡ್ಲಿ ಒಳಗೆ ಬಂದರು. ಆ ಕ್ಷೇತ್ರದಲ್ಲಿ ಕಪ್ಪುವರ್ಣೀಯರು ಬಹುಸಂಖ್ಯಾತರಾಗಿರಲಿಲ್ಲ. ಯಹೂದಿಗಳು, ಜಪಾನಿ ಮೂಲದವರು, ಉದಾರ ಮನಸ್ಸಿನ ಬಿಳಿಯರು, ಚರ್ಚಿನ ಹೆಂಗಸರು ಎಲ್ಲರನ್ನೂ ಬಾಗಿಲಿಂದ ಬಾಗಿಲಿಗೆ ಹೋಗಿ ಜೋಡಿಸಿಕೊಂಡಿದ್ದರು. ಮುಂದಿನ ಮೂವತ್ತು ವರ್ಷ ಅವರನ್ನು ಹೊತ್ತದ್ದು ಇದೇ ಕೂಟ.

1965ರ ಆಗಸ್ಟ್‌ನಲ್ಲಿ ವಾಟ್ಸ್ ಪ್ರದೇಶದಲ್ಲಿ ಹೆದ್ದಾರಿ ಗಸ್ತು ಪೊಲೀಸರು ಒಬ್ಬ ಯುವಕನ ಕಾರು ತಡೆದಲ್ಲಿಂದ ಶುರುವಾದ ಗಲಭೆ ಆರು ದಿನ ನಡೆದು 34 ಜನರ ಜೀವ ತೆಗೆದುಕೊಂಡಿತು. ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್ ಅವರನ್ನು ಪ್ರಶ್ನಿಸುವ ಧೈರ್ಯ ಆಗ ಪರಿಷತ್ತಿನಲ್ಲಿ ಹೆಚ್ಚು ಜನರಿಗಿರಲಿಲ್ಲ. ಬ್ರಾಡ್ಲಿ ಪ್ರಶ್ನಿಸಿದರು. ಠಾಣೆಯ ಒಳಗೋಡೆ ನೋಡಿದವರ ಪ್ರಶ್ನೆ ಹೊರಗಿನವರ ಪ್ರಶ್ನೆಗಿಂತ ಚುರುಕಾಗಿ ತಾಗುತ್ತದೆ. ಇಲಾಖೆ ಅದನ್ನು ಮರೆಯಲಿಲ್ಲ.

1969ರಲ್ಲಿ ಅವರು ಮೇಯರ್ ಸ್ಯಾಮ್ ಯಾರ್ಟಿ ವಿರುದ್ಧ ನಿಂತರು. ಮೊದಲ ಸುತ್ತಿನಲ್ಲಿ ಬ್ರಾಡ್ಲಿಗೆ ಶೇ 42, ಯಾರ್ಟಿಗೆ ಶೇ 26. ನಂತರ ಯಾರ್ಟಿ ಭಯದ ಪ್ರಚಾರಕ್ಕಿಳಿದರು. ಇಪ್ಪತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿದ ಮನುಷ್ಯನನ್ನು ಪೊಲೀಸ್ ವಿರೋಧಿ, ಉಗ್ರವಾದಿಗಳ ಗೆಳೆಯ ಎಂದು ಬಿಂಬಿಸಿದರು. ಅಂತಿಮ ಸುತ್ತಿನಲ್ಲಿ ಬ್ರಾಡ್ಲಿ ಸೋತರು. 1973ರಲ್ಲಿ ಅದೇ ಎದುರಾಳಿಯ ಮೇಲೆ ಸುಮಾರು ಶೇ 56 ಮತ ಪಡೆದು ಗೆದ್ದರು. ಕಪ್ಪುವರ್ಣೀಯರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ ಇದ್ದ ನಗರ ಅದು.

ಆದರೆ 1969ರ ಸೋಲು ಅವರೊಳಗೆ ಒಂದು ಎಚ್ಚರಿಕೆಯನ್ನು ಕೂರಿಸಿ ಹೋಯಿತು ಎಂದು ನನಗೆ ಅನ್ನಿಸುತ್ತದೆ. ಪೊಲೀಸರನ್ನು ಟೀಕಿಸುವ ಕಪ್ಪುವರ್ಣೀಯ ಅಭ್ಯರ್ಥಿ ಎಂಬ ಹಣೆಪಟ್ಟಿ ಮತ್ತೆ ಅಂಟಬಾರದು. ಈ ಎಚ್ಚರಿಕೆಯ ಬೆಲೆಯನ್ನು ನಗರ ಮುಂದೆ ತೆತ್ತಿತು.

ಸನ್ನದಿನ ಬೀಗ

ಲಾಸ್ ಏಂಜಲೀಸ್ ಮೇಯರ್ ಕುರ್ಚಿ ಹೊರಗಿನಿಂದ ಕಾಣುವಷ್ಟು ಬಲವಾದದ್ದಲ್ಲ. ಆಗ ಊರು ನಡೆಯುತ್ತಿದ್ದುದು 1925ರ ನಗರ ಸನ್ನದಿನ, ಅಂದರೆ ನಗರಾಡಳಿತದ ಮೂಲ ಕಾನೂನಿನ ಪ್ರಕಾರ. ಹದಿನೈದು ಸದಸ್ಯರ ಪರಿಷತ್ತಿಗೆ ದೊಡ್ಡ ಅಧಿಕಾರ, ಪ್ರತಿ ಇಲಾಖೆಯ ಮೇಲೂ ನಾಗರಿಕರ ಒಂದೊಂದು ಆಯೋಗ. ಐವರು ಸದಸ್ಯರ ಪೊಲೀಸ್ ಆಯೋಗವನ್ನು ಮೇಯರ್ ನೇಮಿಸುತ್ತಾರೆ. ಆಯೋಗ ಮುಖ್ಯಸ್ಥನನ್ನು ಸೇವಾ ಪರೀಕ್ಷೆಯ ಪಟ್ಟಿಯಿಂದ ಆರಿಸುತ್ತದೆ. ಒಮ್ಮೆ ಆರಿಸಿದ ಮೇಲೆ ಮುಖ್ಯಸ್ಥ ಖಾಯಂ ನೌಕರ. ಗಂಭೀರ ತಪ್ಪು ಸಾಬೀತಾಗದೆ, ವಿಚಾರಣೆ ನಡೆಯದೆ, ಅವನನ್ನು ಕದಲಿಸುವಂತಿಲ್ಲ. ಅವಧಿಯ ಮಿತಿಯೂ ಇಲ್ಲ.

ಈ ಬೀಗ ಹಾಕಿದವರು ಕೆಟ್ಟವರಲ್ಲ, ಸುಧಾರಕರು. 1930ರ ದಶಕದಲ್ಲಿ ಆ ಊರಿನ ಮೇಯರ್ ಕಚೇರಿ, ಪೊಲೀಸ್ ಇಲಾಖೆ, ಜೂಜು ಅಡ್ಡೆ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದಂತಿದ್ದವು. 1938ರಲ್ಲಿ ಮೇಯರ್ ಫ್ರ್ಯಾಂಕ್ ಷಾ ಅವರನ್ನು ಮತದಾರರೇ ಅವಧಿಗೆ ಮೊದಲು ಕೆಳಗಿಳಿಸಿದರು. ರಾಜಕಾರಣಿಯ ಕೈ ಪೊಲೀಸ್ ಮುಖ್ಯಸ್ಥನ ಕುತ್ತಿಗೆಗೆ ಎಟುಕಬಾರದು ಎಂಬ ಹಂಬಲದಿಂದ ಆ ದಶಕದ ತಿದ್ದುಪಡಿಗಳು ಬಂದವು. ಫಲ ಏನಾಯಿತೆಂದರೆ ಮುಂದಿನ ಐವತ್ತು ವರ್ಷ ಯಾರ ಕೈಯೂ ಎಟುಕಲಿಲ್ಲ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಪೊಲೀಸ್ ಮಹಾನಿರ್ದೇಶಕರಿಗೂ ಜಿಲ್ಲಾ ಎಸ್‌ಪಿ, ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಲಿ ಎಂದಾಗ ಅದರ ಹಿಂದಿದ್ದ ಹಂಬಲವೂ ಇದೇ ಜಾತಿಯದು. ಅಲ್ಲಿ ರಕ್ಷಣೆ ಅತಿಯಾಯಿತು, ಇಲ್ಲಿ ಸಾಲದಾಯಿತು.

ಬೀಗ ಹಾಕಿದ ಬಾಗಿಲ ಮುಂದೆ ಬ್ರಾಡ್ಲಿ ಇಪ್ಪತ್ತು ವರ್ಷ ಏನು ಮಾಡಿದರು? ಸುತ್ತುಬಳಸಿನ ದಾರಿ ಹಿಡಿದರು. ಪೊಲೀಸ್ ಆಯೋಗಕ್ಕೆ ಪ್ರಶ್ನೆ ಕೇಳುವ ಜನರನ್ನು ನೇಮಿಸಿದರು. ಬಜೆಟ್ಟಿನಲ್ಲಿ ಇಲಾಖೆಯ ಪಾಲನ್ನು ಹಿಡಿದು ಹಿಡಿದು ಬಿಟ್ಟರು. ನೇಮಕಾತಿಯಲ್ಲಿ ಕಪ್ಪುವರ್ಣೀಯರ, ಲ್ಯಾಟಿನೋಗಳ, ಹೆಂಗಸರ ಪಾಲು ಹೆಚ್ಚಲೆಂದು ಒತ್ತಿದರು. 1982ರಲ್ಲಿ ಆರೋಪಿಯ ಕತ್ತು ಅಮುಕಿ ಹಿಡಿಯುವ ಪದ್ಧತಿಗೆ ಆಯೋಗ ಕಡಿವಾಣ ಹಾಕಿತು. ಆ ಹಿಡಿತದಿಂದ ಸತ್ತವರಲ್ಲಿ ಕಪ್ಪುವರ್ಣೀಯರೇ ಹೆಚ್ಚಾಗಿದ್ದರು. ರಾಜಕಾರಣಿಗಳ, ನಾಗರಿಕ ಸಂಘಟನೆಗಳ ಮೇಲೆ ಕಣ್ಣಿಟ್ಟಿದ್ದ ಇಲಾಖೆಯ ಗುಪ್ತಚರ ಘಟಕ 1983ರಲ್ಲಿ ಮುಚ್ಚಿತು. ಇವು ಸಣ್ಣ ಗೆಲುವುಗಳಲ್ಲ.

ಆದರೆ 1978ರಲ್ಲಿ ಮುಖ್ಯಸ್ಥರಾದ ಗೇಟ್ಸ್ ತಮ್ಮ ಇಲಾಖೆಯನ್ನು ಸೈನ್ಯದಂತೆ ನಡೆಸಿದರು. ಪುಂಡರ ಗುಂಪುಗಳ ಹಾವಳಿ ಹತ್ತಿಕ್ಕುವ ಹೆಸರಿನಲ್ಲಿ 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ 1,400ಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಮೇಯರ್ ಆಗಿದ್ದ ಮಾಜಿ ಪೊಲೀಸ್ ಅದನ್ನು ಬಹುಮಟ್ಟಿಗೆ ನೋಡುತ್ತ ಕುಳಿತರು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಬ್ರಾಡ್ಲಿ ಸನ್ನದಿನ ತಿದ್ದುಪಡಿಗೆ ಹೊರಡಬೇಕಿದ್ದದ್ದು 1985ರಲ್ಲಿ. ಹಿಂದಿನ ವರ್ಷ ಒಲಿಂಪಿಕ್ಸ್ ನಡೆದು ಜಗತ್ತು ಬೆರಗಾಗಿತ್ತು. ಮಾಂಟ್ರಿಯಲ್ 1976ರ ಕ್ರೀಡಾಕೂಟದ ಸಾಲದಲ್ಲಿ ಮುಳುಗಿದ್ದಾಗ, ತೆರಿಗೆದಾರರ ಮೇಲೆ ಹೊರೆ ಬೀಳಬಾರದೆಂಬ ಷರತ್ತಿನೊಂದಿಗೆ ಖಾಸಗಿ ಸಮಿತಿಯ ಮೂಲಕ ಕೂಟ ನಡೆಸಿ 23 ಕೋಟಿ ಡಾಲರಿಗೂ ಹೆಚ್ಚು ಉಳಿಸಿದ ನಗರ ಅದು. 1985ರಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಬ್ರಾಡ್ಲಿಗೆ ಒತ್ತಿದರು. ಆ ದಿನ ಅವರು ಮುಖ್ಯಸ್ಥನ ಅವಧಿಗೆ ಮಿತಿ ಬೇಕು ಎಂದು ಜನರ ಮುಂದೆ ಹೋಗಿದ್ದರೆ ಜನ ಕೇಳುತ್ತಿದ್ದರು. ಹೋಗಲಿಲ್ಲ. ಕಣ್ಣು ರಾಜ್ಯಪಾಲ ಹುದ್ದೆಯ ಮೇಲಿತ್ತು. (ಅಲ್ಲಿ ಆ ಹುದ್ದೆ ನಮ್ಮ ಮುಖ್ಯಮಂತ್ರಿಯ ಹುದ್ದೆಗೆ ಸಮ, ನೇರ ಚುನಾವಣೆಯದು.) 1982ರಲ್ಲಿ ಆ ಚುನಾವಣೆಯನ್ನು ಒಂದು ಲಕ್ಷಕ್ಕೂ ಕಡಿಮೆ ಮತಗಳಿಂದ ಸೋತಿದ್ದರು. ಸಮೀಕ್ಷೆಗಳಲ್ಲಿ ಮುಂದಿದ್ದವರು ಮತಪೆಟ್ಟಿಗೆಯಲ್ಲಿ ಹಿಂದೆ ಬಿದ್ದ ಆ ಸೋಲಿಗೆ ರಾಜ್ಯಶಾಸ್ತ್ರದಲ್ಲಿ ಅವರದೇ ಹೆಸರು ಉಳಿದಿದೆ, ಬ್ರಾಡ್ಲಿ ಪರಿಣಾಮ ಎಂದು. 1986ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ರಾಜ್ಯವ್ಯಾಪಿ ಗೆಲುವು ಬೇಕಾದವನು ಪೊಲೀಸ್ ಮುಖ್ಯಸ್ಥನ ಜೊತೆ ಬಹಿರಂಗ ಜಗಳಕ್ಕೆ ಇಳಿಯಲಾರ.

ಹೊಸ ವಿಮಾನ ನಿಲ್ದಾಣದ ಟರ್ಮಿನಲ್, ಪೇಟೆಯ ಗಗನಚುಂಬಿಗಳು, 1990ರಲ್ಲಿ ಓಡತೊಡಗಿದ ನಗರ ರೈಲು ಎಲ್ಲವೂ ಅವರ ಕಾಲದವು. ಅವುಗಳ ಬಗ್ಗೆ ಉದ್ದಕ್ಕೆ ಬರೆಯುವವರು ಬಹಳ ಮಂದಿ ಇದ್ದಾರೆ. 1989ರ ಹೊತ್ತಿಗೆ ಹೆಸರಿಗೆ ಮಸಿಯೂ ಹತ್ತಿತು. ನಗರದ ಹಣ ಠೇವಣಿಯಿದ್ದ ಒಂದು ಬ್ಯಾಂಕಿನಿಂದ ಅವರು ಸಲಹೆಗಾರರಾಗಿ ಸಂಭಾವನೆ ಪಡೆದಿದ್ದರು. ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ, ದಂಡ ಕಟ್ಟಿದರು. ಆ ವರ್ಷದ ಗೆಲುವು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಮತಗಳದು. ಬಲವಿದ್ದಾಗ ಮಾಡದ ಕೆಲಸವನ್ನು ಬಲ ಉಡುಗಿದಾಗ ಮಾಡಬೇಕಾಗಿ ಬಂತು.

ಹದಿಮೂರು ತಿಂಗಳ ಮೌನ

1991ರ ಮಾರ್ಚ್ 3ರ ನಡುರಾತ್ರಿ ಕಳೆದ ಮೇಲೆ ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ಪೊಲೀಸರು ಕಾರಿನಿಂದಿಳಿಸಿ ಲಾಠಿಯಿಂದ ಹೊಡೆದರು. ಎದುರು ಮನೆಯ ಬಾಲ್ಕನಿಯಿಂದ ಒಬ್ಬ ನಿವಾಸಿ ಅದನ್ನು ವಿಡಿಯೋ ಮಾಡಿದ. ಜಗತ್ತು ನೋಡಿತು. ಬ್ರಾಡ್ಲಿ ಈಗ ಮಾತಾಡಿದರು. ವಾರೆನ್ ಕ್ರಿಸ್ಟೋಫರ್ ನೇತೃತ್ವದಲ್ಲಿ ತನಿಖಾ ಆಯೋಗ ರಚಿಸಿದರು, ಗೇಟ್ಸ್ ರಾಜೀನಾಮೆ ಕೇಳಿದರು. ಪೊಲೀಸ್ ಆಯೋಗ ಗೇಟ್ಸ್ ಅವರನ್ನು 60 ದಿನ ರಜೆಯ ಮೇಲೆ ಕಳುಹಿಸಿತು. ಪರಿಷತ್ತು ಮಧ್ಯೆ ಬಂತು, ವಿಷಯ ಕೋರ್ಟಿಗೆ ಹೋಯಿತು, ಗೇಟ್ಸ್ ಕೆಲವೇ ದಿನಗಳಲ್ಲಿ ಕುರ್ಚಿಗೆ ಮರಳಿದರು.

ಜುಲೈನಲ್ಲಿ ಬಂದ ಕ್ರಿಸ್ಟೋಫರ್ ವರದಿ ನನ್ನ ಮಟ್ಟಿಗೆ ನಗರಾಡಳಿತದ ವಿದ್ಯಾರ್ಥಿಗಳೆಲ್ಲ ಓದಬೇಕಾದ ದಾಖಲೆ. ಅತಿಯಾದ ಬಲಪ್ರಯೋಗದ ದೂರುಗಳಲ್ಲಿ ಆರಕ್ಕಿಂತ ಕಡಿಮೆಯಿಲ್ಲದಂತೆ ಹೆಸರು ಬಂದಿದ್ದ 44 ಸಿಬ್ಬಂದಿಯನ್ನು ಅದು ಗುರುತಿಸಿತು. ಅಂಥವರ ಸೇವಾ ಪುಸ್ತಕದಲ್ಲಿ ಮೇಲಧಿಕಾರಿಗಳು ಒಳ್ಳೆಯ ಷರಾ ಬರೆದಿದ್ದರು. ಗಸ್ತು ಕಾರುಗಳ ಕಂಪ್ಯೂಟರಿನಲ್ಲಿ ಪೊಲೀಸರು ಪರಸ್ಪರ ಕಳುಹಿಸಿಕೊಂಡ ಜನಾಂಗದ್ವೇಷದ ಸಂದೇಶಗಳನ್ನೂ ಆಯೋಗ ಹೊರತೆಗೆಯಿತು. ಪರಿಹಾರವಾಗಿ ಹೇಳಿದ ಮುಖ್ಯ ಮಾತು ಒಂದು: ಮುಖ್ಯಸ್ಥನ ಅವಧಿ ಐದು ವರ್ಷ, ಹೆಚ್ಚೆಂದರೆ ಎರಡು ಅವಧಿ, ನೇಮಕದಲ್ಲಿ ಮೇಯರ್ ಮಾತು ನಡೆಯಬೇಕು.

ಈ ನಡುವೆ ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥ ಹದಿಮೂರು ತಿಂಗಳು ಪರಸ್ಪರ ಮಾತಾಡಲಿಲ್ಲ. ಇಬ್ಬರ ಕಚೇರಿಗಳ ನಡುವೆ ಇದ್ದದ್ದು ಒಂದೆರಡು ರಸ್ತೆ. ಕರಗದ ರಾತ್ರಿ ಒಂದು ಗಲ್ಲಿಯಲ್ಲಿ ನೂಕುನುಗ್ಗಲಾದರೆ ವೈರ್‌ಲೆಸ್‌ನಲ್ಲಿ ಎಷ್ಟು ಕ್ಷಣದಲ್ಲಿ ಸುದ್ದಿ ಮುಟ್ಟಬೇಕೆಂದು ನಮ್ಮ ಸಾಹೇಬರಿಗೆ ಗೊತ್ತು. ಈ ಸಾಲು ಓದಿ ಅವರು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಬರೆದರು: "ಬಂದೋಬಸ್ತ್ ಅಲ್ಲೇ ಮುರಿದಿತ್ತು."

1992ರ ಏಪ್ರಿಲ್ 29ರ ಮಧ್ಯಾಹ್ನ ತೀರ್ಪು ಬಂತು. ಕಿಂಗ್ ಅವರನ್ನು ಹೊಡೆದ ಪೊಲೀಸರಿಗೆ ಶಿಕ್ಷೆಯಾಗಲಿಲ್ಲ. ಬ್ರಾಡ್ಲಿ ಕೋಪದಿಂದ ಮಾತಾಡಿದರು, ವಿಡಿಯೋದಲ್ಲಿ ಕಂಡದ್ದನ್ನು ತೀರ್ಪು ಅಳಿಸಲಾರದು ಎಂದರು. ಆ ಮಾತೇ ಜನರನ್ನು ಕೆರಳಿಸಿತು ಎಂದು ಅವರ ವಿರೋಧಿಗಳು ಮುಂದೆ ದೂರಿದರು. ಆದರೆ ಆ ಸಂಜೆಯ ನಿಜವಾದ ಸಂಗತಿ ಬೇರೆ. ಫ್ಲಾರೆನ್ಸ್ ಮತ್ತು ನಾರ್ಮಂಡಿ ರಸ್ತೆಗಳು ಕೂಡುವ ಚೌಕದಲ್ಲಿ ಗುಂಪು ಸೇರಿದಾಗ ಪೊಲೀಸರು ಹಿಂದೆ ಸರಿದರು, ಬಹಳ ಹೊತ್ತು ಮರಳಲಿಲ್ಲ. ಅದೇ ಸಂಜೆ ಗೇಟ್ಸ್ ನಗರದ ಇನ್ನೊಂದು ಮೂಲೆಯಲ್ಲಿ ಒಂದು ನಿಧಿ ಸಂಗ್ರಹ ಸಭೆಗೆ ಹೋದರು. ಮುಖ್ಯಸ್ಥನ ಅವಧಿಗೆ ಮಿತಿ ಹಾಕುವ ಸನ್ನದು ತಿದ್ದುಪಡಿಯನ್ನು ಸೋಲಿಸಲು ಹಣ ಕೂಡಿಸುವ ಸಭೆ ಅದು. ಪೆನ್ನು ಉಳಿಸಿಕೊಳ್ಳಲು ಹೊರಟವರ ಬೆನ್ನ ಹಿಂದೆ ಊರಿಗೆ ಬೆಂಕಿ ಬಿದ್ದಿತ್ತು. ಅರವತ್ತಕ್ಕೂ ಹೆಚ್ಚು ಜನ ಸತ್ತರು, ಸುಮಾರು 100 ಕೋಟಿ ಡಾಲರ್ ಆಸ್ತಿ ನಾಶವಾಯಿತು, ಕೊರಿಯನ್ನರ ಅಂಗಡಿಗಳ ಸಾಲುಸಾಲೇ ಸುಟ್ಟವು.

ಜೂನ್‌ನಲ್ಲಿ ತಿದ್ದುಪಡಿ ಮತಕ್ಕೆ ಬಂತು, ದೊಡ್ಡ ಅಂತರದಿಂದ ಗೆದ್ದಿತು. ಗೇಟ್ಸ್ ಆ ತಿಂಗಳ ಕೊನೆಗೆ ಹೊರನಡೆದರು. ಅವರ ಜಾಗಕ್ಕೆ ಬಂದ ವಿಲ್ಲಿ ವಿಲಿಯಮ್ಸ್ ಆ ಇಲಾಖೆಯ ಮೊದಲ ಕಪ್ಪುವರ್ಣೀಯ ಮುಖ್ಯಸ್ಥ. ಬ್ರಾಡ್ಲಿ 1993ರಲ್ಲಿ ಮತ್ತೆ ನಿಲ್ಲಲಿಲ್ಲ. 1996ರಲ್ಲಿ ಪಾರ್ಶ್ವವಾಯು ಹೊಡೆದು ಮಾತು ನಿಂತಿತು, 1998ರ ಸೆಪ್ಟೆಂಬರ್ 29ರಂದು ತೀರಿಕೊಂಡರು. ಅವರು ಸಂಪಾದಿಸಿಕೊಟ್ಟ ಪೆನ್ನನ್ನು ಬಳಸಿದವರು ಮುಂದಿನ ಮೇಯರ್‌ಗಳು. ವಿಲಿಯಮ್ಸ್ ಅವರಿಗೆ ಎರಡನೆಯ ಅವಧಿ ಸಿಗಲಿಲ್ಲ, ಮುಂದೆ ಮುಖ್ಯಸ್ಥರಾದ ಬರ್ನಾರ್ಡ್ ಪಾರ್ಕ್ಸ್ ಅವರಿಗೂ 2002ರಲ್ಲಿ ಸಿಗಲಿಲ್ಲ. ಪಾರ್ಕ್ಸ್ ಮರುವರ್ಷವೇ ನಗರ ಪರಿಷತ್ತಿಗೆ ಆರಿಸಿ ಬಂದರು. ಠಾಣೆಯಿಂದ ಪರಿಷತ್ತಿಗೆ ಬ್ರಾಡ್ಲಿ ಹಾಕಿದ ಜಾಡು ಹಾಗೇ ಇತ್ತು.

ಪೆನ್ನು ಕೈಯಲ್ಲೇ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಇದರಿಂದ ತಿಳಿಯಬಾರದು. ಪೊಲೀಸ್ ಆಯುಕ್ತ ಹುದ್ದೆಯಿಂದ ನೇರ ಬಂದು 1972ರಿಂದ 1980ರವರೆಗೆ ಫಿಲಡೆಲ್ಫಿಯಾ ಮೇಯರ್ ಆಗಿದ್ದ ರಿಝೋ ಕಾಲದಲ್ಲಿ, ಪೊಲೀಸ್ ದೌರ್ಜನ್ಯಕ್ಕಾಗಿ ಅಮೆರಿಕದ ನ್ಯಾಯ ಇಲಾಖೆಯೇ 1979ರಲ್ಲಿ ನಗರಾಡಳಿತದ ಮೇಲೆ ಮೊಕದ್ದಮೆ ಹೂಡಿತು. ನ್ಯೂಯಾರ್ಕಿನಲ್ಲಿ ಪೊಲೀಸ್ ಆಯುಕ್ತರನ್ನು ಮೇಯರ್ ನೇರವಾಗಿ ನೇಮಿಸುತ್ತಾರೆ. 22 ವರ್ಷ ಪೊಲೀಸ್ ಕೆಲಸ ಮಾಡಿ ಕ್ಯಾಪ್ಟನ್ ಆಗಿ ನಿವೃತ್ತರಾಗಿದ್ದ ಆಡಮ್ಸ್ 2022ರಲ್ಲಿ ಮೇಯರ್ ಆದ ಮೇಲಿನ ಮೂರೇ ವರ್ಷದಲ್ಲಿ ಪೊಲೀಸ್ ಆಯುಕ್ತರ ಕುರ್ಚಿ ನಾಲ್ವರನ್ನು ಕಂಡಿತು.

ನಮ್ಮ ಊರಿನಲ್ಲಿ

ಬೆಂಗಳೂರಿನಲ್ಲಿ ಪೆನ್ನು ಪಾಲಿಕೆಯ ಆವರಣಕ್ಕೆ ಯಾವತ್ತೂ ಬಂದದ್ದಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. 74ನೆಯ ತಿದ್ದುಪಡಿ ನಗರಗಳಿಗೆಂದು ಪಟ್ಟಿ ಮಾಡಿದ 18 ಕೆಲಸಗಳಲ್ಲಿ ಅಗ್ನಿಶಾಮಕ ಸೇವೆ ಇದೆ, ಪೊಲೀಸ್ ಇಲ್ಲ. ನಗರ ಪೊಲೀಸ್ ಆಯುಕ್ತರನ್ನು ನೇಮಿಸುವುದು, ಕದಲಿಸುವುದು ರಾಜ್ಯ ಸರ್ಕಾರ. ಆದ್ದರಿಂದಲೇ ಇರಬೇಕು, ಈ ಊರಿನ ದೊಡ್ಡ ಪೊಲೀಸ್ ಅಧಿಕಾರಿಗಳು ರಾಜಕೀಯಕ್ಕೆ ಬಂದಾಗ ಪಾಲಿಕೆಯ ಕಡೆ ತಿರುಗಿಯೂ ನೋಡಿಲ್ಲ. ಆಯುಕ್ತರಾಗಿದ್ದ ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಹೋದರು. ದಕ್ಷಿಣ ವಿಭಾಗದ ಡಿಸಿಪಿ ಆಗಿದ್ದ ಕೆ. ಅಣ್ಣಾಮಲೈ 2019ರಲ್ಲಿ ರಾಜೀನಾಮೆ ಕೊಟ್ಟು ತಮಿಳುನಾಡು ರಾಜಕಾರಣಕ್ಕೆ ಹೋದರು. ಆಯುಕ್ತರಾಗಿದ್ದ ಭಾಸ್ಕರ್ ರಾವ್ ಪಕ್ಷ ರಾಜಕಾರಣಕ್ಕೆ ಇಳಿದರು. ಮೇಯರ್ ಪೀಠದ ಹಂಬಲದಿಂದ ಬಂದವರು ಇವರಲ್ಲಿ ಯಾರೂ ಅಲ್ಲ.

ಪೀಠಕ್ಕಾದರೂ ಏನು ಉಳಿದಿತ್ತು? 2010ರಿಂದ 2020ರ ನಡುವೆ ಬಿಬಿಎಂಪಿ ಹತ್ತು ಮೇಯರ್‌ಗಳನ್ನು ಕಂಡಿತು, ಒಬ್ಬೊಬ್ಬರಿಗೆ ಒಂದೊಂದು ವರ್ಷ. ಕಡತಗಳ ಹೆಸರು ತಿಳಿಯುವ ಹೊತ್ತಿಗೆ ಬೀಳ್ಕೊಡುಗೆ. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಪಾಲಿಕೆಯ ಶಾಲೆಗೂ ಚರಂಡಿಗೂ ಆಡಳಿತಾಧಿಕಾರಿಯೇ ಗತಿ. ಇದು ನನಗೆ ತೀರಾ ನೋವಿನ ವಿಷಯ, ಮೂವತ್ತು ವರ್ಷ ಸ್ಥಳೀಯ ಸ್ವಯಮಾಡಳಿತ ಎಂಬ ಅಧ್ಯಾಯವನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಕ್ಕಳು, ಯುವಜನರು ಸತ್ತರು. ಮರುದಿನವೇ ರಾಜ್ಯ ಸರ್ಕಾರ ನಗರ ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿತು. ಮುಂದಿನ ತಿಂಗಳು ಅಮಾನತು ಹಿಂದಕ್ಕೆ ಪಡೆಯಿತು. ಲಾಸ್ ಏಂಜಲೀಸ್‌ನಲ್ಲಿ ಒಂದು ವರ್ಷವಾದರೂ ಆಗದ ಕೆಲಸ ಇಲ್ಲಿ ಒಂದು ದಿನದಲ್ಲಿ ಆಯಿತು. ಆದರೆ ಆ ದಿನ ಬೆಂಗಳೂರಿನ ಜನ ತಾವೇ ಆರಿಸಿದ ಮೇಯರ್ ಎದುರು ನಿಂತು ಏಕೆ ಹೀಗಾಯಿತು ಎಂದು ಕೇಳುವಂತಿರಲಿಲ್ಲ. ಅಂಥವರೊಬ್ಬರು ಇರಲೇ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಮೇಯರ್ ಅವಧಿ ಮೂವತ್ತು ತಿಂಗಳಿಗೆ ಏರಿದೆ. ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಪೊಲೀಸ್ ವಿಷಯದಲ್ಲಿ ಏನೂ ಬದಲಾಗಿಲ್ಲ.

ಇಷ್ಟನ್ನೂ ಬರೆದು ಸಾಹೇಬರ ಕೈಗೆ ಕೊಟ್ಟು ಒಂದು ವಾರವಾಗಿತ್ತು. ನಿಲ್ಲುವ ಯೋಚನೆ ಕೈಬಿಟ್ಟಿರಬೇಕು ಎಂದುಕೊಂಡು ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ವಾರ್ಡ್ ನಕ್ಷೆ ಹರಡಿತ್ತು. ಪಕ್ಕದಲ್ಲಿ ಒಂದು ಹಳೆಯ ನೋಟ್‌ಪುಸ್ತಕ. ರಾತ್ರಿ ಬೀಟ್ ಮಾಡುತ್ತಿದ್ದ ಕಾಲದಲ್ಲಿ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಬರುವಾಗ ತಮಗಾಗಿ ಬೇರೆಯಾಗಿ ಬರೆದಿಟ್ಟುಕೊಂಡದ್ದು. ಸರ ಕಿತ್ತ ಜಾಗ, ಹುಡುಗಿಯರನ್ನು ರೇಗಿಸುವ ತಿರುವು, ಕುಡಿದವರು ಕೂರುವ ಕಟ್ಟೆ, ಎಲ್ಲದರ ಮುಂದೆ ಹತ್ತಿರದ ದೀಪದ ಕಂಬದ ಸಂಖ್ಯೆ.

"ಮೇಷ್ಟ್ರೇ, ನಿಮ್ಮ ಬ್ರಾಡ್ಲಿಯ ಬಳಿ ಇಲ್ಲದಿದ್ದದ್ದು ನನಗೂ ಸಿಗುವುದಿಲ್ಲ, ಒಪ್ಪಿದೆ. ಬೀದಿದೀಪ ಯಾರದು?"

"ಪಾಲಿಕೆಯದು ಸಾಹೇಬರೇ."

"ಪಾದಚಾರಿ ಮಾರ್ಗ? ಪಾರ್ಕಿನ ಗೇಟು? ಖಾಲಿ ಸೈಟಿನ ಪೊದೆ ಕಡಿಸುವುದು?"

"ಎಲ್ಲವೂ ಪಾಲಿಕೆಯದೇ."

ಅವರು ಕನ್ನಡಕ ಸರಿಮಾಡಿಕೊಂಡು ನೋಟ್‌ಪುಸ್ತಕದ ಮೊದಲ ಪುಟ ತೆರೆದರು, ಪೆನ್ಸಿಲಿನ ತುದಿಯನ್ನು ನಕ್ಷೆಯ ಮೇಲೆ ಒಂದು ತಿರುವಿನ ಹತ್ತಿರ ಇಟ್ಟರು. "ಇಲ್ಲಿಂದ ಶುರು ಮಾಡೋಣ. ಈ ಕಂಬ ನಾನು ಠಾಣೆಗೆ ಬಂದ ವರ್ಷದಿಂದ ಉರಿದಿಲ್ಲ."